ಹಳೇ ಕಾರಿಗೆ ನಾಚಿಕೆ ಕಲಿಸಿದ ಹಾರ್ಲಿ ಅರ್ಲ್ ಮತ್ತು ನಾಚಿಕೆ ಇಲ್ಲದ ಮಲೆನಾಡಿನ ಜೀಪು

ವರ್ಷ ವರ್ಷ ಕಾರು ಬದಲಿಸಬೇಕು ಎಂಬ ಆಸೆಯನ್ನು ಜಗತ್ತಿಗೆ ಹಚ್ಚಿದ ಮನುಷ್ಯ, ತಾನು ಮಾತ್ರ ಒಂದೇ ಕಾರನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಓಡಿಸಿದ. ಅಂಥದ್ದು ಜಗತ್ತಿನಲ್ಲಿ ಇದ್ದಿದ್ದೇ ಒಂದು. ಆತನ ಬದುಕು ನಮ್ಮ ಗ್ಯಾರೇಜುಗಳ ಬಗ್ಗೆಯೂ ಒಂದು ಪ್ರಶ್ನೆ ಕೇಳುತ್ತದೆ.

ಸಕಲೇಶಪುರದಿಂದ ಹೆತ್ತೂರು, ಯಸಳೂರು ಕಡೆಗೋ, ಆಲೂರಿನಿಂದ ಪಾಳ್ಯ, ಕೆಂಚಮ್ಮನ ಹೊಸಕೋಟೆ ಕಡೆಗೋ ಹೋಗುವಾಗ ಎದುರಾಗುವ ಹಳೇ ಜೀಪುಗಳನ್ನು ಸ್ವಲ್ಪ ಗಮನಿಸಿ. ಹುಟ್ಟಿನಿಂದ ಎಲ್ಲವೂ ಒಂದೇ ಜಾತಿ. ಆದರೆ ಈಗ ಒಂದರ ಹಾಗೆ ಇನ್ನೊಂದಿಲ್ಲ. ಒಂದಕ್ಕೆ ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸಿದ್ದಾರೆ. ಇನ್ನೊಂದಕ್ಕೆ ಕಾಫಿ ಮೂಟೆ ಹೇರಲು ಹಿಂಭಾಗ ಉದ್ದ ಮಾಡಿಸಿದ್ದಾರೆ. ಮತ್ತೊಂದಕ್ಕೆ ಮಳೆಗಾಲ ತಡೆಯುವ ಹಾಗೆ ತಗಡಿನ ಟಾಪು, ಕೆಸರಿನಲ್ಲಿ ಹೂತುಕೊಳ್ಳದ ಹಾಗೆ ದಪ್ಪ ಗುಬ್ಬಿನ ಟಯರು, ತೋಟದ ಆಳುಗಳು ಕೂರಲು ಎದುರುಬದುರು ಬೆಂಚು.

ಇದನ್ನೆಲ್ಲ ಮಾಡಿದವರನ್ನು ಯಾರೂ ಡಿಸೈನರ್ ಅಂತ ಕರೆಯಲ್ಲ. ವೆಲ್ಡಿಂಗ್‌ನವರು, ಟಿಂಕರಿಂಗ್‌ನವರು, ಲೇತ್ ಅಂಗಡಿಯವರು ಅಂತಾರೆ. ಕಾನೂನಿನ ಕಣ್ಣಲ್ಲಿ ನೋಡಿದರೆ ಇವರ ಕೆಲಸದ ಬಹುಪಾಲು ತಪ್ಪು. ಆದರೆ ಒಬ್ಬರ ಬೇಕು-ಬೇಡ ಕೇಳಿ ಒಂದೇ ಒಂದು ಗಾಡಿ ಕಟ್ಟಿಕೊಡುವ ಈ ಕಸುಬಿನಿಂದಲೇ ಕಾರ್ ಡಿಸೈನ್ ಎಂಬ ವೃತ್ತಿ ಹುಟ್ಟಿತು. ಆ ವೃತ್ತಿಗೆ ಮರ್ಯಾದೆ, ಅಧಿಕಾರ, ದುಡ್ಡು ಮೂರನ್ನೂ ತಂದುಕೊಟ್ಟವನು ಹಾರ್ಲಿ ಅರ್ಲ್. ಅದನ್ನು ಕೆಡಿಸಿದವನೂ ಅವನೇ ಅನ್ನುವವರಿದ್ದಾರೆ. ಎರಡೂ ನಿಜ.

ಬಂಡಿ ಕಟ್ಟುವವನ ಮಗ

ಅರ್ಲ್ ಹುಟ್ಟಿದ್ದು 1893ರ ನವೆಂಬರ್ 22ರಂದು, ಕ್ಯಾಲಿಫೋರ್ನಿಯಾದ ಹಾಲಿವುಡ್‌ನಲ್ಲಿ. ಸಿನಿಮಾ ಅಲ್ಲಿಗೆ ಇನ್ನೂ ಬಂದಿರಲಿಲ್ಲ. ಅಪ್ಪ ಜೆ.ಡಬ್ಲ್ಯೂ. ಅರ್ಲ್ ಕುದುರೆಗಾಡಿ ಕಟ್ಟುವವನು. 1889ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಗಾಡಿ ಕಾರ್ಖಾನೆ ಶುರು ಮಾಡಿದ್ದ. ಕುದುರೆಯ ಕಾಲ ಮುಗಿಯುತ್ತಿದೆ ಅಂತ ಗೊತ್ತಾದಾಗ, 1908ರ ಹೊತ್ತಿಗೆ, ಅದನ್ನೇ ಮೋಟಾರು ಕಾರಿನ ಬಾಡಿ ಕಟ್ಟುವ ಕಾರ್ಖಾನೆ ಮಾಡಿದ.

ಆ ಕಾಲದಲ್ಲಿ ಸಿರಿವಂತರು ಕಾರು ಕೊಳ್ಳುತ್ತಿದ್ದ ರೀತಿ ಇವತ್ತು ನಾವು ಲಾರಿ ಕೊಳ್ಳುವ ರೀತಿಯಂತಿತ್ತು. ಕಂಪನಿಯಿಂದ ಚಾಸಿ ಮತ್ತು ಎಂಜಿನ್ ಬರುತ್ತಿತ್ತು. ಮೇಲಿನ ಬಾಡಿಯನ್ನು ಕಟ್ಟುವವನ ಹತ್ತಿರ ಬೇಕಾದ ಹಾಗೆ ಕಟ್ಟಿಸಿಕೊಳ್ಳಬೇಕಿತ್ತು. ಸೀಟು ಎಷ್ಟು ಎತ್ತರ, ಬಣ್ಣ ಯಾವುದು, ಬಾಗಿಲು ಯಾವ ಕಡೆ ತೆರೆಯಬೇಕು ಎಲ್ಲವೂ ಕೊಳ್ಳುವವನ ಇಷ್ಟ. ನಮ್ಮಲ್ಲಿ ಲಾರಿಯ ವಿಷಯದಲ್ಲಿ ಆ ಪದ್ಧತಿ ಇನ್ನೂ ಸತ್ತಿಲ್ಲ. ಚಾಸಿ ತಂದು ಬಾಡಿ ಕಟ್ಟಿಸುವುದು, ಹಣೆಯ ಮೇಲೆ ಮನೆದೇವರ ಹೆಸರು ಬರೆಸುವುದು ಇವತ್ತಿಗೂ ಉಂಟು.

ಹಾರ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದರೂ ಓದು ಮುಗಿಸಲಿಲ್ಲ. ಅಪ್ಪನ ಕಾರ್ಖಾನೆಗೆ ವಾಪಸ್ ಬಂದ. ಅಷ್ಟರಲ್ಲಿ ಹಾಲಿವುಡ್ ಸಿನಿಮಾ ಊರಾಗಿತ್ತು, ನಟರ ಕೈಯಲ್ಲಿ ದುಡ್ಡು ಓಡಾಡುತ್ತಿತ್ತು. ರಸ್ತೆಯಲ್ಲಿ ಹೋದರೆ ಜನ ತಿರುಗಿ ನೋಡಬೇಕು, ಇನ್ನೊಬ್ಬರ ಹತ್ತಿರ ಅಂಥದ್ದು ಇರಬಾರದು. ಇದು ಅವರ ಬೇಡಿಕೆ. ಮೂಕಿ ಚಿತ್ರಗಳ ಹಾಸ್ಯನಟ ರಾಸ್ಕೋ ಆರ್ಬಕಲ್‌ನ ಭಾರೀ ಮೈಗೆ ತಕ್ಕಂತೆ ಒಂದು ಪಿಯರ್ಸ್-ಆರೋ ಕಾರನ್ನು ಈ ಕಾರ್ಖಾನೆ ಕಟ್ಟಿಕೊಟ್ಟಿತು. ಅರ್ಲ್ ಕಲಿತ ಮೊದಲ ಪಾಠ ಇದು: ಕಾರು ಎಂದರೆ ಊರಿಂದೂರಿಗೆ ಹೋಗುವ ಯಂತ್ರ ಮಾತ್ರ ಅಲ್ಲ, ಕೂತವನು ತನ್ನನ್ನು ತೋರಿಸಿಕೊಳ್ಳುವ ಅಂಗಿಯೂ ಹೌದು.

1919ರಲ್ಲಿ ಕ್ಯಾಡಿಲಾಕ್ ಕಾರುಗಳ ದೊಡ್ಡ ವ್ಯಾಪಾರಿ ಡಾನ್ ಲೀ ಈ ಕಾರ್ಖಾನೆಯನ್ನು ಕೊಂಡ. ಹಾರ್ಲಿಯನ್ನೇ ಅದರ ವಿನ್ಯಾಸದ ಮುಖ್ಯಸ್ಥನನ್ನಾಗಿ ಉಳಿಸಿಕೊಂಡ.

ಜೇಡಿಮಣ್ಣಿನ ಕಾರು

ಅರ್ಲ್‌ಗೆ ಚೆನ್ನಾಗಿ ಚಿತ್ರ ಬರೆಯಲು ಬರುತ್ತಿರಲಿಲ್ಲ. ಕಾರ್ ಡಿಸೈನಿನ ಪಿತಾಮಹನ ಬಗ್ಗೆ ಹೀಗೆ ಹೇಳಿದರೆ ವಿಚಿತ್ರ ಅನ್ನಿಸಬಹುದು. ಆತನ ಶಕ್ತಿ ಇದ್ದದ್ದು ಕಣ್ಣಿನಲ್ಲಿ ಮತ್ತು ಮಣ್ಣಿನಲ್ಲಿ. ಬೇರೆಯವರು ಮರದ ಚೌಕಟ್ಟು ಮಾಡಿ, ತಗಡು ಬಡಿದು ಆಕಾರ ಹುಡುಕುತ್ತಿದ್ದ ಕಾಲದಲ್ಲಿ ಅರ್ಲ್ ಜೇಡಿಮಣ್ಣಿನಲ್ಲಿ ಕಾರಿನ ರೂಪ ಮಾಡಿಸುತ್ತಿದ್ದ. ತಗಡಿಗೆ ಒಂದು ಸಲ ಸುತ್ತಿಗೆ ಬಿದ್ದರೆ ವಾಪಸ್ ಹೋಗುವುದು ಕಷ್ಟ. ಮಣ್ಣನ್ನಾದರೆ ಕೆರೆಯಬಹುದು, ಮತ್ತೆ ಮೆತ್ತಬಹುದು, ಉದ್ದಕ್ಕೆ ಎಳೆದ ಒಂದು ಗೆರೆ ಹೆಡ್‌ಲೈಟಿನಿಂದ ಹಿಂದಿನ ಚಕ್ರದವರೆಗೆ ಮುರಿಯದೆ ಹೋಗುತ್ತದೋ ಇಲ್ಲವೋ ಅಂತ ಕಣ್ಣಲ್ಲೇ ನೋಡಬಹುದು. ಕಂಪ್ಯೂಟರ್ ಬಂದ ಮೇಲೂ ದೊಡ್ಡ ಕಾರು ಕಂಪನಿಗಳ ಸ್ಟುಡಿಯೋಗಳಿಂದ ಮಣ್ಣಿನ ಮಾದರಿ ಹೋಗಿಲ್ಲ.

ಕ್ಯಾಡಿಲಾಕ್ ಮುಖ್ಯಸ್ಥ ಲಾರೆನ್ಸ್ ಫಿಶರ್ ಕ್ಯಾಲಿಫೋರ್ನಿಯಾಗೆ ಬಂದಾಗ ಈ ಮಣ್ಣಿನ ಕೆಲಸ ಕಂಡ. ಕ್ಯಾಡಿಲಾಕ್‌ಗಿಂತ ಸ್ವಲ್ಪ ಅಗ್ಗದ ಹೊಸ ಕಾರೊಂದಕ್ಕೆ ರೂಪ ಕೊಡಲು ಅರ್ಲ್‌ನನ್ನು ಡೆಟ್ರಾಯಿಟ್‌ಗೆ ಕರೆಸಿದ. 1927ರಲ್ಲಿ ಹೊರಬಂದ ಆ ಲಸಾಲ್ ಕಾರು ಗೆದ್ದಿತು. ಯುರೋಪಿನ ಹಿಸ್ಪಾನೊ-ಸುಯಿಜಾ ಕಾರಿನ ಛಾಯೆ ಅದರಲ್ಲಿ ಎದ್ದು ಕಾಣುತ್ತಿತ್ತು. ಅದೇ ವರ್ಷ ಜನರಲ್ ಮೋಟಾರ್ಸ್ ಅಧ್ಯಕ್ಷ ಆಲ್ಫ್ರೆಡ್ ಸ್ಲೋನ್ ಕಂಪನಿಯೊಳಗೆ ಕಲೆ ಮತ್ತು ಬಣ್ಣದ ವಿಭಾಗ ಎಂಬ ಹೊಸ ಇಲಾಖೆ ತೆರೆದು ಅರ್ಲ್‌ನನ್ನು ಅದರ ಮೇಲೆ ಕೂರಿಸಿದ.

ಶುರುವಿನಲ್ಲೇ ಪೆಟ್ಟು ಬಿತ್ತು. 1929ರ ಬ್ಯೂಕ್ ಕಾರಿನ ಪಕ್ಕೆಗೆ ಅರ್ಲ್ ಒಂದು ಸಣ್ಣ ಉಬ್ಬು ಕೊಟ್ಟಿದ್ದ. ಕಾರ್ಖಾನೆಯ ಎಂಜಿನಿಯರುಗಳು ತಮ್ಮ ಅನುಕೂಲಕ್ಕೆ ಅಳತೆಗಳನ್ನು ಹಿಂದೆಮುಂದೆ ಮಾಡಿದರು. ಹೊರಬಂದಾಗ ಕಾರು ಹೊಟ್ಟೆ ಬಂದ ಹಾಗೆ ಕಾಣುತ್ತಿತ್ತು. ಜನ ಅದಕ್ಕೆ ಬಸುರಿ ಬ್ಯೂಕ್ ಅಂತ ಹೆಸರಿಟ್ಟು ನಕ್ಕರು. ರೂಪ ಮಾಡುವವನ ಮಾತು ಕೊನೆಯ ಬೋಲ್ಟಿನವರೆಗೂ ನಡೆಯಬೇಕು ಎಂಬ ಹಟ ಅರ್ಲ್‌ಗೆ ಅಂಟಿಕೊಂಡಿತು. 1940ರಲ್ಲಿ ಆತ ಕಂಪನಿಯ ಉಪಾಧ್ಯಕ್ಷನಾದ. ಅಷ್ಟು ದೊಡ್ಡ ಕಂಪನಿಯಲ್ಲಿ ವಿನ್ಯಾಸಕಾರನೊಬ್ಬ ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು.

ಹಳೆಯದಕ್ಕೆ ನಾಚಿಕೆ

ಸ್ಲೋನ್‌ಗೆ ಅರ್ಲ್ ಯಾಕೆ ಬೇಕಾಗಿದ್ದ? ಉತ್ತರ ಲೆಕ್ಕದ ಪುಸ್ತಕದಲ್ಲಿದೆ. ಹೆನ್ರಿ ಫೋರ್ಡ್ 1908ರಿಂದ 1927ರವರೆಗೆ ಮಾಡೆಲ್ ಟಿ ಎಂಬ ಒಂದೇ ಕಾರನ್ನು ಒಂದೂವರೆ ಕೋಟಿ ಮಾಡಿ ಮಾರಿದ್ದ. ಗಟ್ಟಿ ಕಾರು, ಅಗ್ಗದ ಕಾರು, ಊರಿನ ಮೆಕ್ಯಾನಿಕ್ ರಿಪೇರಿ ಮಾಡಬಹುದಾದ ಕಾರು. ಆದರೆ ಕಾರು ಬೇಕಾದವರ ಹತ್ತಿರ ಆಗಲೇ ಒಂದು ಕಾರು ಇತ್ತು. ಅದು ಕೆಡುತ್ತಲೂ ಇರಲಿಲ್ಲ. ಇನ್ನು ಮಾರುವುದು ಯಾರಿಗೆ?

ಸ್ಲೋನ್ ಕಂಡುಕೊಂಡ ದಾರಿ ಸರಳ. ಕಾರು ಕೆಡದಿದ್ದರೆ ಪರವಾಗಿಲ್ಲ, ಹಳತು ಅನ್ನಿಸಿದರೆ ಸಾಕು. ಒಳಗಿನ ಎಂಜಿನ್, ಚಾಸಿ ಹೆಚ್ಚುಕಡಿಮೆ ಅದೇ ಇರಲಿ. ಹೊರಗಿನ ತಗಡು, ದೀಪ, ಗ್ರಿಲ್, ಬಣ್ಣ ವರ್ಷ ವರ್ಷ ಬದಲಾಗಲಿ. ಪಕ್ಕದ ಮನೆಗೆ ಹೊಸ ಮಾಡೆಲ್ ಬಂದ ದಿನ ನಮ್ಮ ಮನೆಯ ಕಾರು ಮಂಕಾಗಬೇಕು. ಕೈಯಲ್ಲಿ ದುಡ್ಡಿಲ್ಲ ಅನ್ನುವವರಿಗೆ ಜನರಲ್ ಮೋಟಾರ್ಸ್ 1919ರಲ್ಲೇ ಸಾಲದ ಕಂಪನಿ ತೆರೆದಿತ್ತು, ಕಂತಿನ ಮೇಲೆ ಕೊಡುತ್ತಿತ್ತು. ಬೇಗ ಒಣಗುವ ಡುಕೋ ಬಣ್ಣ ಬಂದದ್ದರಿಂದ ಕಪ್ಪು ಬಿಟ್ಟು ಬೇರೆ ಬಣ್ಣಗಳೂ ಅಗ್ಗವಾದವು. ನಮ್ಮ ಗ್ಯಾರೇಜುಗಳಲ್ಲಿ ಇವತ್ತಿಗೂ ಡುಕೋ ಪೇಂಟ್ ಅಂತ ಹೇಳುವುದು ಅದರದೇ ಹೆಸರು.

ಆ ನಾಚಿಕೆಯನ್ನು ತಯಾರಿಸುವ ಕೆಲಸ ಅರ್ಲ್‌ದು. ಹಾಲಿವುಡ್ ನಟನಿಗೆ ಕಟ್ಟಿಕೊಟ್ಟಿದ್ದ ಆ ಅಂಗಿಯ ಆಸೆಯನ್ನು ಈಗ ಗುಮಾಸ್ತನಿಗೂ ಮಾರಬೇಕಿತ್ತು. ಆದರೆ ನಟನಿಗೆ ಸಿಕ್ಕಿದ್ದು ಅವನೊಬ್ಬನಿಗಾಗಿ ಮಾಡಿದ ಗಾಡಿ. ಗುಮಾಸ್ತನಿಗೆ ಸಿಕ್ಕಿದ್ದು ಲಕ್ಷಗಟ್ಟಲೆ ಜನರಿಗೆ ಸಿಕ್ಕ ಅದೇ ಗಾಡಿ, ಜೊತೆಗೆ ಅದು ತನಗಾಗಿಯೇ ಇದೆ ಎಂಬ ಭಾವನೆ. ಇಲ್ಲಿಂದ ಕಾರ್ ಡಿಸೈನ್ ಎಂಬುದು ಒಬ್ಬ ಮನುಷ್ಯನ ಬೇಕು-ಬೇಡ ಕೇಳುವ ಕೆಲಸವಾಗಿ ಉಳಿಯಲಿಲ್ಲ. ಜನರಿಗೆ ಮುಂದಿನ ವರ್ಷ ಏನು ಬೇಕು ಅಂತ ಈ ವರ್ಷವೇ ತೀರ್ಮಾನ ಮಾಡುವ ಕೆಲಸವಾಯಿತು.

ತನಗೊಂದು, ಜಗತ್ತಿಗೊಂದು

1938ರಲ್ಲಿ ಅರ್ಲ್ ತನ್ನ ತಂಡದಿಂದ ಒಂದು ಕಾರು ಮಾಡಿಸಿದ. ಹೆಸರು ಬ್ಯೂಕ್ ವೈ-ಜಾಬ್. ಮಾರಾಟಕ್ಕಲ್ಲ, ಮಾಡಿದ್ದು ಒಂದೇ. ಉದ್ದ 17 ಅಡಿ ದಾಟಿತ್ತು, ಎತ್ತರ ಆ ಕಾಲದ ಕಾರುಗಳಿಗಿಂತ ತೀರಾ ಕಡಿಮೆ. ಅಕ್ಕಪಕ್ಕ ಕಾಲಿಟ್ಟು ಹತ್ತುವ ಹಲಗೆ ಇಲ್ಲ. ಹೆಡ್‌ಲೈಟುಗಳು ಬೇಡವಾದಾಗ ಒಳಗೆ ಮುಚ್ಚಿಕೊಳ್ಳುತ್ತಿದ್ದವು. ಕಿಟಕಿ ಗಾಜು ಕರೆಂಟಿನಿಂದ ಏರಿಳಿಯುತ್ತಿತ್ತು. ಬಟ್ಟೆಯ ಟಾಪು ತಾನಾಗಿ ಮಡಚಿಕೊಂಡು ತಗಡಿನ ಮುಚ್ಚಳದ ಕೆಳಗೆ ಮಾಯವಾಗುತ್ತಿತ್ತು. ಇವತ್ತು ಕಂಪನಿಗಳು ಆಟೋ ಎಕ್ಸ್‌ಪೋದಲ್ಲಿ ತೋರಿಸುವ ಕಾನ್ಸೆಪ್ಟ್ ಕಾರುಗಳ ಮೂಲ ಇದೇ ಎಂದು ಚರಿತ್ರಕಾರರು ಸಾಮಾನ್ಯವಾಗಿ ಹೇಳುತ್ತಾರೆ.

ಆದರೆ ಈ ಕಾರಿನ ನಿಜವಾದ ಸ್ವಾರಸ್ಯ ಬೇರೆ ಕಡೆ ಇದೆ. ಅರ್ಲ್ ಇದನ್ನು ಗಾಜಿನ ಮನೆಯಲ್ಲಿ ಇಡಲಿಲ್ಲ. ದಿನಾ ಓಡಿಸಿದ. ಆಫೀಸಿಗೆ, ಕ್ಲಬ್ಬಿಗೆ, ಪಾರ್ಟಿಗೆ ಅದರಲ್ಲೇ ಹೋಗಿಬರುತ್ತಿದ್ದ. ಎರಡನೇ ಮಹಾಯುದ್ಧ ಬಂತು, ಮುಗಿಯಿತು. ಅರ್ಲ್ ಕೈಕೆಳಗೆ ಹತ್ತಾರು ಹೊಸ ಮಾಡೆಲ್‌ಗಳು ಬಂದವು, ಹಳತಾದವು, ಹೋದವು. ಅವನ ವೈ-ಜಾಬ್ ಮಾತ್ರ ಹತ್ತು ವರ್ಷ ದಾಟಿಯೂ ಓಡುತ್ತಿತ್ತು. ಯಾಕೆಂದರೆ ಅದು ಹಳತಾಗುವಂತೆ ಮಾಡಿದ ಕಾರಲ್ಲ. ಒಬ್ಬ ಮನುಷ್ಯನ ಮೈ, ಮನಸ್ಸು, ದಿನಚರಿಗೆ ಒಪ್ಪುವಂತೆ ಕಟ್ಟಿದ ಕಾರು.

1951ರಲ್ಲಿ ಆತ ಅದನ್ನು ಬಿಟ್ಟು ಹತ್ತಿದ್ದು ಇನ್ನೊಂದು ಒಂಟಿ ಕಾರನ್ನೇ. ಅದರ ಹೆಸರು ಲೆ ಸೇಬರ್. ಜೆಟ್ ವಿಮಾನದ ಮೂತಿ, ಬಾಗಿ ಸುತ್ತಿದ ಮುಂದಿನ ಗಾಜು, ಹಿಂದೆ ರೆಕ್ಕೆ. ಟಾಪು ತೆಗೆದು ನಿಲ್ಲಿಸಿ ಹೋದಾಗ ಮಳೆ ಹನಿ ಬಿದ್ದರೆ ತಾನಾಗಿ ಟಾಪು ಮೇಲೇಳುವ ಏರ್ಪಾಡೂ ಅದರಲ್ಲಿತ್ತು. ವರ್ಷಕ್ಕೆ ನಾಲ್ಕು ತಿಂಗಳು ಮಳೆ ಸುರಿಯುವ ಸಕಲೇಶಪುರದವರಿಗೆ ಇದು ಬೇಕಾದ ಸವಲತ್ತೇ. ನಮ್ಮವರು ಅದಕ್ಕೆ ಮೊದಲೇ ತಗಡು ಹೊಡೆಸಿಬಿಟ್ಟಿದ್ದಾರೆ, ಅಷ್ಟೇ ವ್ಯತ್ಯಾಸ.

ರೆಕ್ಕೆ ಬಂದ ಕಾಲ

1941ರ ಸುಮಾರಿಗೆ ಅರ್ಲ್ ತನ್ನ ವಿನ್ಯಾಸಕಾರರನ್ನು ಡೆಟ್ರಾಯಿಟ್ ಹತ್ತಿರದ ಸೇನಾ ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೋಗಿ ಪಿ-38 ಎಂಬ ಯುದ್ಧವಿಮಾನ ತೋರಿಸಿದ. ಎರಡು ಬಾಲದ ಆ ವಿಮಾನದ ನೆನಪು 1948ರ ಕ್ಯಾಡಿಲಾಕ್ ಕಾರಿನ ಹಿಂಭಾಗದಲ್ಲಿ ಸಣ್ಣ ಉಬ್ಬುಗಳಾಗಿ ಮೂಡಿತು. ಅದೇ ಮುಂದೆ ರೆಕ್ಕೆಯಾಯಿತು. ವರ್ಷಕ್ಕಷ್ಟು ಬೆಳೆಯಿತು. 1959ರ ಕ್ಯಾಡಿಲಾಕ್ ಹೊತ್ತಿಗೆ ರಾಕೆಟ್ಟಿನ ಬಾಲದಷ್ಟು ಚೂಪಾಗಿ ನಿಂತಿತ್ತು. ಆ ರೆಕ್ಕೆಗಳಿಂದ ಕಾರು ಹಾರಲಿಲ್ಲ, ವೇಗವೂ ಹೆಚ್ಚಲಿಲ್ಲ.

1949ರಿಂದ 1961ರವರೆಗೆ ಜನರಲ್ ಮೋಟಾರ್ಸ್ ಮೋಟೊರಾಮಾ ಎಂಬ ಪ್ರದರ್ಶನಗಳನ್ನು ನಡೆಸಿತು. ಹಾಡು, ಕುಣಿತ, ತಿರುಗುವ ವೇದಿಕೆ, ಅದರ ಮೇಲೆ ಒಂದೇ ಒಂದು ಮಾಡಿದ ಕನಸಿನ ಕಾರುಗಳು. ಗ್ಯಾಸ್ ಟರ್ಬೈನ್ ಎಂಜಿನ್ನಿನ ಫೈರ್‌ಬರ್ಡ್ ಅಂತೂ ಚಕ್ರ ಹಚ್ಚಿದ ಜೆಟ್ ವಿಮಾನವೇ. ನಮ್ಮ ಜಾತ್ರೆಯಲ್ಲಿ ತೇರು ನೋಡಲು ಸೇರುವ ಹಾಗೆ ಜನ ಸೇರುತ್ತಿದ್ದರು. 1953ರ ಮೋಟೊರಾಮಾದಲ್ಲಿ ತೋರಿಸಿದ ಫೈಬರ್‌ಗ್ಲಾಸ್ ಮೈಯ ಪುಟ್ಟ ಷೆವರ್ಲೆ ಕಾರು ಮಾತ್ರ ಅದೇ ವರ್ಷ ಮಾರಾಟಕ್ಕೆ ಬಂತು. ಮೊದಲ ವರ್ಷ ಮಾಡಿದ್ದು 300. ಅದೇ ಕಾರ್ವೆಟ್. ಇವತ್ತಿಗೂ ತಯಾರಾಗುತ್ತಿದೆ.

ಆಳಾಗಿ ಅರ್ಲ್ ಹೇಗಿದ್ದ? ಆರಡಿ ದಾಟಿದ ಎತ್ತರ, ಬಣ್ಣ ಬಣ್ಣದ ಸೂಟು, ಒರಟು ಬಾಯಿ. ಸ್ಟುಡಿಯೋಗೆ ಬಂದರೆ ಎಲ್ಲರೂ ನಡುಗುತ್ತಿದ್ದರು. ಬೇರೆಯವರ ಕೈ ಕೆಲಸ ಇವನ ಹೆಸರಲ್ಲಿ ಹೊರಗೆ ಹೋಗುತ್ತಿತ್ತು. ವೈ-ಜಾಬ್‌ನ ಗೆರೆಗಳನ್ನು ಎಳೆದ ಜಾರ್ಜ್ ಸ್ನೈಡರ್, ಕ್ಯಾಡಿಲಾಕ್ ರೆಕ್ಕೆಯನ್ನು ರೂಪಿಸಿದ ಫ್ರಾಂಕ್ ಹರ್ಷಿ ಇವರ ಹೆಸರು ಎಷ್ಟು ಜನಕ್ಕೆ ಗೊತ್ತು? ಅದೇ ಅರ್ಲ್ 1940 ಮತ್ತು 50ರ ದಶಕದಲ್ಲಿ, ಗಂಡಸರದೇ ಕೋಟೆಯಾಗಿದ್ದ ಡೆಟ್ರಾಯಿಟ್‌ನಲ್ಲಿ, ಹೆಂಗಸರನ್ನು ವಿನ್ಯಾಸಕಾರರಾಗಿ ನೇಮಿಸಿಕೊಂಡ. ಮಾರಾಟದ ಲೆಕ್ಕಾಚಾರ ಅದರಲ್ಲಿ ಇರಲಿಲ್ಲ ಅಂತಲ್ಲ. ಆದರೆ ಅವನು ನಿವೃತ್ತನಾದ ಮೇಲೆ ಅವರಲ್ಲಿ ಹೆಚ್ಚಿನವರು ಅಲ್ಲಿ ಉಳಿಯಲಿಲ್ಲ ಎಂಬುದೂ ನಿಜ.

ಬಾಲ ಚುಚ್ಚಿದ ಮೇಲೆ

1957ರಲ್ಲಿ ಕ್ರೈಸ್ಲರ್ ಕಂಪನಿಯ ವಿನ್ಯಾಸಕಾರ ವರ್ಜಿಲ್ ಎಕ್ಸ್‌ನರ್ ತಗ್ಗಿನ, ಹಗುರ ನೋಟದ ಕಾರುಗಳನ್ನು ತಂದಾಗ ಅರ್ಲ್‌ನ ಕ್ರೋಮ್ ಹೊದ್ದ ಭಾರೀ ಕಾರುಗಳು ಏಕಾಏಕಿ ಮುದಿಯಾಗಿ ಕಂಡವು. ಹಳತಾಗಿ ಕಾಣುವುದರ ಕಹಿ ಅವನಿಗೇ ತಗುಲಿತು. ಅವನ ಸ್ವಂತ ತಂಡದ ಹುಡುಗರೇ ಅವನ ಬೆನ್ನ ಹಿಂದೆ ಹೊಸ ರೂಪಗಳನ್ನು ಮಾಡತೊಡಗಿದರು. 1958ರ ಕೊನೆಗೆ, 65 ತುಂಬಿದಾಗ, ಅರ್ಲ್ ನಿವೃತ್ತನಾದ. 1969ರ ಏಪ್ರಿಲ್ 10ರಂದು ಫ್ಲೋರಿಡಾದಲ್ಲಿ ತೀರಿಕೊಂಡ.

ಆ ಹೊತ್ತಿಗೆ ಲೆಕ್ಕ ಕೇಳುವವರು ಬಂದಿದ್ದರು. 1965ರಲ್ಲಿ ರಾಲ್ಫ್ ನೇಡರ್ ಬರೆದ ಪುಸ್ತಕ ಅಮೆರಿಕದ ಕಾರು ಕಂಪನಿಗಳು ಅಂದಕ್ಕಾಗಿ ಜೀವರಕ್ಷಣೆಯನ್ನು ಹೇಗೆ ಬಲಿ ಕೊಟ್ಟವು ಎಂದು ತೋರಿಸಿತು. ಕ್ಯಾಡಿಲಾಕ್ ರೆಕ್ಕೆಗಳಿಂದ ದಾರಿಹೋಕರಿಗೆ, ಮಕ್ಕಳಿಗೆ ಆದ ಗಾಯಗಳ ವಿವರವೂ ಅದರಲ್ಲಿತ್ತು. 1966ರಲ್ಲಿ ಅಮೆರಿಕ ಸರ್ಕಾರ ವಾಹನ ಸುರಕ್ಷತೆಯ ಕಾನೂನು ತಂದಿತು. ಇದನ್ನು ನೆನಪಿಟ್ಟುಕೊಳ್ಳಿ. ಆ ಕಾನೂನು ಬಂದದ್ದು ಹಳ್ಳಿಯ ಗ್ಯಾರೇಜಿನವನು ಮಾಡಿದ ಗಾಡಿಗೆ ಹೆದರಿ ಅಲ್ಲ. ಜಗತ್ತಿನ ಅತಿ ದೊಡ್ಡ ಕಂಪನಿಗಳು ಲಕ್ಷಗಟ್ಟಲೆ ಮಾಡಿ ಮಾರಿದ ಗಾಡಿಗೆ ಹೆದರಿ.

ಕನಸಿನ ಕಾರುಗಳ ಗತಿಯೂ ಅಷ್ಟಕ್ಕಷ್ಟೇ. ಮೋಟೊರಾಮಾ ಕಾರುಗಳಲ್ಲಿ ಹಲವನ್ನು ಕೆಲಸ ಮುಗಿದ ಮೇಲೆ ಕಂಪನಿಯೇ ಗುಜರಿಗೆ ಕಳಿಸಿತು, ಕತ್ತರಿಸಿ ಹಾಕಿ ಅಂತ ಆದೇಶ ಕೊಟ್ಟು. ಗುಜರಿಯವನಿಗೆ ಮನಸ್ಸು ಬರಲಿಲ್ಲವೋ ಏನೋ, ಡೆಟ್ರಾಯಿಟ್ ಹತ್ತಿರದ ಒಂದು ಗುಜರಿ ಅಂಗಳದಲ್ಲಿ ಕೆಲವು ಹಾಗೇ ಬಿದ್ದಿದ್ದವು. 1980ರ ದಶಕದಲ್ಲಿ ಸಂಗ್ರಹಕಾರರು ಅವನ್ನು ಹುಡುಕಿ ತೆಗೆದರು. ವೈ-ಜಾಬ್ ಮತ್ತು ಲೆ ಸೇಬರ್ ಮಾತ್ರ ಉಳಿದವು. ಅವು ಓಡಿದ ಕಾರುಗಳು, ಅವಕ್ಕೊಬ್ಬ ಯಜಮಾನ ಇದ್ದ.

ನಮ್ಮ ಕಡೆ ಆದದ್ದೇನು?

ಅರ್ಲ್ ಡೆಟ್ರಾಯಿಟ್‌ಗೆ ಹೋದ ಮರುವರ್ಷವೇ, 1928ರಲ್ಲಿ, ಜನರಲ್ ಮೋಟಾರ್ಸ್ ಮುಂಬೈನ ಶಿವಡಿಯಲ್ಲಿ ಕಾರು-ಲಾರಿ ಜೋಡಿಸುವ ಕಾರ್ಖಾನೆ ತೆರೆಯಿತು. ಭಾಗಗಳು ಅಲ್ಲಿಂದ ಬರುತ್ತಿದ್ದವು, ಇಲ್ಲಿ ಬಿಗಿಯುತ್ತಿದ್ದರು. 1935ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪ್, ಅಮೆರಿಕ ಸುತ್ತಿ ಕಾರು ಕಾರ್ಖಾನೆಗಳನ್ನು ನೋಡಿ ಬಂದರು, ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಬರೆದರು. ಉದ್ಯಮಿ ವಾಲಚಂದ್ ಹೀರಾಚಂದ್ ಜೊತೆಗೂಡಿದರು. ಬೆಂಗಳೂರಿನಲ್ಲಿ ಕಾರ್ಖಾನೆ ಹಾಕುವ ಮಾತಾಯಿತು, ಮೈಸೂರು ಸಂಸ್ಥಾನವೂ ಕೈ ಜೋಡಿಸಲು ಸಿದ್ಧವಿತ್ತು. ಬ್ರಿಟಿಷ್ ಸರ್ಕಾರ ಸಹಕರಿಸಲಿಲ್ಲ, ಯೋಜನೆ ಬಿದ್ದುಹೋಯಿತು. 1944ರಲ್ಲಿ ವಾಲಚಂದ್ ಪ್ರೀಮಿಯರ್ ಆಟೊಮೊಬೈಲ್ಸ್ ಶುರು ಮಾಡಿದ್ದು ಮುಂಬೈನಲ್ಲಿ.

ಆಮೇಲೆ ನಾವು ಅರ್ಲ್‌ಗೆ ಪೂರಾ ತದ್ವಿರುದ್ಧ ದಿಕ್ಕಿಗೆ ಹೋದೆವು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚು ತಂದು ಮಾಡಿದ ಅಂಬಾಸಿಡರ್ 1950ರ ದಶಕದ ಕೊನೆಯಿಂದ 2014ರವರೆಗೆ ಹೆಚ್ಚುಕಡಿಮೆ ಅದೇ ಮುಖದಲ್ಲಿ ಬಂತು. ವಿಲ್ಲೀಸ್ ಜೀಪನ್ನು ಮಹೀಂದ್ರ ಜೋಡಿಸತೊಡಗಿತು, ಅದೂ ದಶಕಗಟ್ಟಲೆ ಅದೇ ರೂಪ. ಅಲ್ಲಿ ವರ್ಷ ವರ್ಷ ಬದಲಾವಣೆ, ಇಲ್ಲಿ ಬದಲಾವಣೆಯೇ ಇಲ್ಲ. ಎರಡೂ ಕಡೆ ಕೊಳ್ಳುವವನನ್ನು ಕೇಳಿದವರಿಲ್ಲ.

ಕೇಳಿದವರು ಗ್ಯಾರೇಜಿನವರು. ಘಟ್ಟದ ತೋಟದ ದಾರಿಗೆ ಎಂಥ ಗಾಡಿ ಬೇಕು ಎಂಬುದು ಮುಂಬೈ ಕಾರ್ಖಾನೆಗೆ ಗೊತ್ತಿರಲಿಲ್ಲ. ಹೇಮಾವತಿ ತುಂಬಿ ಹರಿಯುವಾಗ, ಬಿಸಿಲೆ ಕಡೆಯ ಮಣ್ಣು ಕುಸಿದಾಗ, ಡಿಸೆಂಬರಿನಲ್ಲಿ ಹಣ್ಣು ಕುಯ್ಯುವಾಗ ಬೇಕಾದ್ದನ್ನು ಬೇಕಾದ ಹಾಗೆ ಬೆಸೆದುಕೊಟ್ಟವರು ಇವರು. ಅರ್ಲ್‌ನ ಅಪ್ಪ ಲಾಸ್ ಏಂಜಲೀಸ್‌ನಲ್ಲಿ ಮಾಡುತ್ತಿದ್ದ ಕೆಲಸ ಇದೇ ಅಲ್ಲವಾ?

ಕಾನೂನು ಏನು ಹೇಳುತ್ತೆ?

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಮಾಡಿತು. ಬಣ್ಣ ಬದಲಿಸುವಂಥ ಸಣ್ಣಪುಟ್ಟದ್ದು ಸರಿ, ಗಾಡಿಯ ರಚನೆ ಮುಟ್ಟಬೇಡಿ ಅಂತ. ಇತ್ತ 15 ವರ್ಷ ದಾಟಿದ ಖಾಸಗಿ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಹಳೇ ಗಾಡಿ ಇಟ್ಟುಕೊಳ್ಳಬೇಡಿ, ಇಟ್ಟುಕೊಂಡರೂ ಅದಕ್ಕೆ ಕೈ ಹಚ್ಚಬೇಡಿ ಎಂಬುದು ಒಟ್ಟು ಸಂದೇಶ.

ಸುರಕ್ಷತೆ ಸಣ್ಣ ಮಾತಲ್ಲ. ಉದ್ದ ಮಾಡಿದ ಚಾಸಿ ಶಿರಾಡಿ ಘಾಟಿಯ ತಿರುವಿನಲ್ಲಿ ಮುರಿದರೆ ಸಾಯುವವರು ಹಿಂದೆ ಬೆಂಚಿನ ಮೇಲೆ ಕೂತ ಆಳುಗಳು, ಜೀಪು ಕೊಂಡವನಲ್ಲ. ಭಾರ ಹೆಚ್ಚಾದ ಗಾಡಿಗೆ ಹಳೇ ಬ್ರೇಕು ಸಾಲದು. ಬೆಟ್ಟ ಹತ್ತಿಸಿ ಪ್ರವಾಸಿಗರನ್ನು ಕುಣಿಸುವ ಜೀಪುಗಳ ಮೇಲೆ ಕಣ್ಣಿಡಬೇಕಾದ್ದೇ. ಆದರೆ ಪರೀಕ್ಷೆ ಮಾಡುವುದು ಬೇರೆ, ಪರೀಕ್ಷೆಗೆ ಬರುವ ಬಾಗಿಲನ್ನೇ ಮುಚ್ಚುವುದು ಬೇರೆ. ಇವತ್ತು ಹೊಸ ಮಾದರಿಗೆ ಒಪ್ಪಿಗೆ ಪಡೆಯುವ ವ್ಯವಸ್ಥೆ ಇರುವುದು ಸಾವಿರಗಟ್ಟಲೆ ಮಾಡುವ ಕಂಪನಿಗಳ ಅಳತೆಗೆ. ಒಂದೇ ಒಂದು ಗಾಡಿ ಮಾಡುವ ವೆಲ್ಡರ್‌ಗೆ ಆ ಮೆಟ್ಟಿಲು ಹತ್ತಲು ಆಗಲ್ಲ. ಹಾಗಾಗಿ ಅವನ ಒಳ್ಳೇ ಕೆಲಸವೂ ಕೆಟ್ಟ ಕೆಲಸವೂ ಒಂದೇ ಕತ್ತಲಲ್ಲಿ ನಡೆಯುತ್ತವೆ. ಚೆನ್ನಾಗಿ ಬೆಸೆದವನಿಗೆ ಹೆಸರು ಬರಲ್ಲ, ಅರೆಬರೆ ಬೆಸೆದವನು ಸಿಕ್ಕಿಬೀಳಲ್ಲ.

ತಾಲ್ಲೂಕು ಮಟ್ಟದಲ್ಲಿ ಬ್ರೇಕು, ಸ್ಟೇರಿಂಗು, ಚಾಸಿಯ ಬೆಸುಗೆ ಪರೀಕ್ಷಿಸಿ, ಒಂಟಿ ಗಾಡಿಗೆ ಒಂಟಿ ಪರವಾನಗಿ ಕೊಡುವ ದಾರಿ ಮಾಡಿದರೆ ಏನು ಕಷ್ಟ? ಎಷ್ಟು ವೇಗ, ಎಷ್ಟು ಜನ, ಯಾವ ರಸ್ತೆ ಅಂತ ಷರತ್ತು ಹಾಕಲಿ. ಮಾಡಿದವನ ಹೆಸರು ದಾಖಲೆಯಲ್ಲಿ ಬರಲಿ, ಅವನೇ ಜವಾಬ್ದಾರನಾಗಲಿ. ಕಸುಬಿಗೆ ಮರ್ಯಾದೆ ಬರುವುದು ಜವಾಬ್ದಾರಿ ಬಂದಾಗಲೇ.

ಹಾರ್ಲಿ ಅರ್ಲ್ ತನ್ನ ಬದುಕಿನುದ್ದಕ್ಕೂ ಎರಡು ಸತ್ಯ ಬಲ್ಲವನಾಗಿದ್ದ. ಹೊಸದರ ಆಸೆ ಹುಟ್ಟಿಸಿದರೆ ಕೋಟಿಗಟ್ಟಲೆ ಕಾರು ಮಾರಬಹುದು ಎಂಬುದು ಒಂದು. ತನ್ನ ಅಳತೆಗೆ ಕಟ್ಟಿದ ಗಾಡಿ ಸಿಕ್ಕವನಿಗೆ ಹೊಸದರ ಆಸೆ ಹುಟ್ಟುವುದಿಲ್ಲ ಎಂಬುದು ಇನ್ನೊಂದು. ಮೊದಲನೆಯದನ್ನು ಜಗತ್ತಿಗೆ ಮಾರಿದ, ಎರಡನೆಯದನ್ನು ತನಗೆ ಇಟ್ಟುಕೊಂಡ. ಆಲೂರು, ಸಕಲೇಶಪುರದ ಗ್ಯಾರೇಜುಗಳಲ್ಲಿ ಎಣ್ಣೆ ಮೆತ್ತಿದ ಕೈಗಳು ಹಂಚುತ್ತಿರುವುದು ಆ ಎರಡನೆಯದನ್ನೇ.